ಚಿತ್ರ ತಡವರಿಸಿದರೆ ಯಾರ ತಪ್ಪು?

(ಒಂಟಿಕೊಪ್ಪಲಿನಲ್ಲಿ ನಡೆದ ಸಂಘದ ಪೋಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಸೇರಿರುವ ಈ ಬಡಾವಣೆಯ ಸಮೀಪದಲ್ಲೇ ಮೈಸೂರು ಆಕಾಶವಾಣಿ ನಿಲಯವಿದೆ. ಅದಕ್ಕೆ ಕೂಗಳತೆಯ ದೂರದಲ್ಲಿದ್ದ 'ವಿಠಲ ವಿಹಾರ' ಎಂಬ ತಮ್ಮ ಮನೆಯಿಂದ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಪ್ರಸಾರ ಆರಂಭಿಸಿದರು. ಅಂದು ಮನೆಗೆ ಧ್ವನಿ ಬಂತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ 'ಸಂವೇದ' ಕಾರ್ಯಕ್ರಮದ ಮೂಲಕ ಪಾಠವೇ ಮನೆಗೆ ಬಂತು. ಶಾಲೆಗಳು ತೆರೆದ ಮೇಲೂ ವಿಡಿಯೋ ನೋಡಿ ಕಲಿಯುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಉಳಿದಿದೆ. ಆದರೆ ಆ ವಿಡಿಯೋ ಸರಾಗವಾಗಿ ಓಡದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ತಡವಾಗಿ ತಿಳಿದೆ.

ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಗೆ ರೇಖಾಗಣಿತದ ವಿಡಿಯೋ ನೋಡಿ ಬರಲು ಹೇಳಿದ್ದೆವು. ಮೂರು ವಾರವಾದರೂ ಆಕೆ ನೋಡಿರಲಿಲ್ಲ. "ಟೀಚರ್, ಮಾತು ಕೇಳುತ್ತೆ, ಚಿತ್ರ ನಿಂತು ನಿಂತು ಹೋಗುತ್ತೆ" ಎಂದಳು. ನಾನು ಅದನ್ನು ನೆಪವೆಂದುಕೊಂಡು ಎಲ್ಲರ ಮುಂದೆ ಗದರಿದೆ. ಆಕೆಯ ಅಬ್ಬಾ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಹೊಸ ಕಂಪ್ಯೂಟರ್ ಕೊಳ್ಳಲು ಹೇಳಿದ್ದರಂತೆ. ಅವರು ಸಾಲಕ್ಕೆ ಓಡಾಡುತ್ತಿದ್ದಾರೆಂದು ತಿಳಿದಾಗ ಒಂದು ಭಾನುವಾರ ಅವರ ಮನೆಗೆ ಹೋದೆ.

ಮೊದಲು ವಿಡಿಯೋ ಎಂದರೆ ಏನೆಂದು ತಿಳಿಯೋಣ. ಅದು ಒಂದರ ಹಿಂದೆ ಒಂದು ಬರುವ ಸ್ಥಿರಚಿತ್ರಗಳ ಸಾಲು. ಸೆಕೆಂಡಿಗೆ 25 ಚಿತ್ರಗಳಿದ್ದರೆ ಪ್ರತಿ ಚಿತ್ರಕ್ಕೆ ಸಿಗುವ ಸಮಯ 40 ಮಿಲಿಸೆಕೆಂಡ್. 1080 ಗುಣಮಟ್ಟದ ಒಂದು ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುತ್ತವೆ. ಇಷ್ಟನ್ನು ಹಾಗೆಯೇ ಕಳಿಸಲಾಗದು. ಆದ್ದರಿಂದ ಆಗಾಗ ಒಂದು ಪೂರ್ಣ ಚಿತ್ರವನ್ನಿಟ್ಟು, ನಡುವೆ ಬದಲಾದ ಭಾಗವನ್ನು ಮಾತ್ರ ಬರೆದು, ಗಂಟು ಕಟ್ಟಿ ಕಳಿಸುತ್ತಾರೆ. ಗಂಟು ಬಿಚ್ಚುವ ಕೆಲಸ ನಮ್ಮ ಕಂಪ್ಯೂಟರಿನದು. ಸಮಯಕ್ಕೆ ಸರಿಯಾಗಿ ಬಿಚ್ಚಲಾಗದಿದ್ದರೆ ಅದು ಆ ಚಿತ್ರವನ್ನು ಬಿಟ್ಟು ಮುಂದೆ ಹೋಗುತ್ತದೆ. ಧ್ವನಿಯ ಗಂಟು ಚಿಕ್ಕದು, ಹಾಗಾಗಿ ಮಾತು ಮಾತ್ರ ಸರಿಯಾಗಿ ಕೇಳುತ್ತದೆ. ಆ ಹುಡುಗಿ ಹೇಳಿದ ಮಾತಿನಲ್ಲೇ ರೋಗದ ಸುಳಿವಿತ್ತು!

ತಪಾಸಣೆಯ ಕ್ರಮ ಹೀಗಿದೆ. ಯೂಟ್ಯೂಬ್ ವಿಡಿಯೋ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆರಿಸಿ. 'ಬಫರ್ ಹೆಲ್ತ್' ಸೊನ್ನೆಗೆ ಇಳಿದು ಚಕ್ರ ತಿರುಗುತ್ತಿದ್ದರೆ ಅಂತರ್ಜಾಲ ನಿಧಾನವಾಗಿದೆ. ಗುಣಮಟ್ಟವನ್ನು 480ಕ್ಕೆ ಇಳಿಸಿ, ವೈಫೈ ಪೆಟ್ಟಿಗೆಯ ಹತ್ತಿರ ಕೂತು ನೋಡಿ. ಬಫರ್ ಸಾಕಷ್ಟಿದ್ದೂ 'ಡ್ರಾಪ್ಡ್ ಫ್ರೇಮ್ಸ್' ಸಂಖ್ಯೆ ಏರುತ್ತಲೇ ಇದ್ದರೆ ತೊಡಕು ಕಂಪ್ಯೂಟರಿನೊಳಗಿದೆ.

ಆಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನೂ ಒಟ್ಟಿಗೆ ಒತ್ತಿ 'ಟಾಸ್ಕ್ ಮ್ಯಾನೇಜರ್' ತೆರೆಯಿರಿ. ಡಿಸ್ಕ್ ಶೇ. 100 ತೋರಿಸುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿದೆ. ಮೆಮೊರಿ ತುಂಬಿದ್ದರೆ ಬೇಡದ ಕಿಟಕಿಗಳನ್ನು ಮುಚ್ಚಿ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ತಡವರಿಸಿದರೆ ಬಿಸಿಯಾಗುತ್ತಿರಬಹುದು. ಫ್ಯಾನಿನ ಧೂಳು ತೆಗೆಸಿ, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡಬೇಡಿ. ಪೆನ್‌ಡ್ರೈವಿನಲ್ಲಿರುವ ಪಾಠವಾದರೆ ಕಂಪ್ಯೂಟರಿಗೆ ನಕಲು ಮಾಡಿಕೊಂಡು ನೋಡಿ.

ಆ ಮನೆಯಲ್ಲಿ ಸಿಪಿಯು ಶೇ. 100ರಲ್ಲೇ ನಿಂತಿತ್ತು. ಗಂಟು ಬಿಚ್ಚುವುದಕ್ಕೆಂದೇ ಗ್ರಾಫಿಕ್ಸ್ ಚಿಪ್ಪಿನಲ್ಲಿ ಪ್ರತ್ಯೇಕ ಭಾಗವಿರುತ್ತದೆ. ಅದು ಕೆಲಸ ಮಾಡದಿದ್ದರೆ ಹೊರೆಯೆಲ್ಲ ಸಿಪಿಯು ತಲೆಗೇ ಬೀಳುತ್ತದೆ. 'ಡಿವೈಸ್ ಮ್ಯಾನೇಜರ್' ತೆರೆದರೆ, ಗ್ರಾಫಿಕ್ಸ್ ಚಿಪ್ಪಿನ ಹೆಸರಿರಬೇಕಾದ ಜಾಗದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿತ್ತು. ಅಂದರೆ ಯಾರೋ ವಿಂಡೋಸನ್ನು ಹೊಸದಾಗಿ ಹಾಕಿ, ಗ್ರಾಫಿಕ್ಸ್ ಡ್ರೈವರ್ ಹಾಕುವುದನ್ನು ಮರೆತಿದ್ದರು. ತಯಾರಕರ ಸ್ವಂತ ಜಾಲತಾಣದಿಂದ ಅದನ್ನು ಇಳಿಸಿ ಹಾಕಿದೆವು. ಬ್ರೌಸರಿನ ಸಿಸ್ಟಂ ವಿಭಾಗದಲ್ಲಿ ಗ್ರಾಫಿಕ್ಸ್ ವೇಗವರ್ಧನೆಯ ಆಯ್ಕೆ ಚಾಲೂ ಇದೆಯೇ ಎಂದೂ ನೋಡಿದೆವು. ಅರ್ಧ ಗಂಟೆಯಲ್ಲಿ ಪಾಠ ಸರಾಗವಾಗಿ ಓಡಿತು. ಒಂದು ಪೈಸೆ ಖರ್ಚಾಗಲಿಲ್ಲ. ಒಂದು ಎಚ್ಚರಿಕೆ: ಗುರುತಿಲ್ಲದ ತಾಣಗಳು ಕೊಡುವ 'ಕೋಡೆಕ್ ಪ್ಯಾಕ್', 'ಡ್ರೈವರ್ ಅಪ್‌ಡೇಟರ್'ಗಳನ್ನು ಹಾಕಿಕೊಳ್ಳಬೇಡಿ. ಅವುಗಳ ಜೊತೆ ವೈರಸ್ ಬರಬಹುದು.

ಎಲ್ಲ ಕಂಪ್ಯೂಟರುಗಳೂ ಹೀಗೆ ಸರಿಹೋಗುತ್ತವೆ ಎಂದು ನಾನು ಹೇಳುವುದಿಲ್ಲ. ತೀರ ಹಳೆಯ ಚಿಪ್ಪುಗಳಿಗೆ ಇಂದಿನ ಎವಿ1ರಂಥ ಹೊಸ ಬಗೆಯ ಗಂಟುಗಳನ್ನು ಬಿಚ್ಚಲು ಬರುವುದಿಲ್ಲ. ಅಲ್ಲಿ ಗುಣಮಟ್ಟ ಇಳಿಸಿ ನೋಡುವುದೇ ದಾರಿ. ಆದರೆ ಪರೀಕ್ಷಿಸದೆ ಸಾಲ ಮಾಡಬೇಡಿ.

ಉರ್ದುವಿನ 'ಗುಮಾನ್' ಕನ್ನಡದಲ್ಲಿ 'ಗುಮಾನಿ' ಆಗಿದೆ. ಎರಡೂ ಭಾಷೆಗಳನ್ನು ಪಾಠ ಮಾಡುವ ನಾನು ಈ ಪದದ ಅರ್ಥವನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಕೆಟ್ಟ ಗುಮಾನಿಯಿಂದ ದೂರವಿರಬೇಕೆಂದು ನಮ್ಮ ದೀನ್ ಕಲಿಸಿದೆ. ಆದರೂ ಯಂತ್ರದ ದೋಷವನ್ನು ಮಗುವಿನ ಮೇಲೆ ಹೊರಿಸಿದೆ. ಎಲ್ಲರ ಮುಂದೆ ಗದರಿದ್ದೆನಾದ್ದರಿಂದ ಎಲ್ಲರ ಮುಂದೆಯೇ ಆಕೆಯ ಕ್ಷಮೆ ಕೇಳಿದೆ. ಆದರೆ ಆಕೆ ಕಳೆದುಕೊಂಡ ಮೂರು ವಾರಗಳನ್ನು ಹಿಂದಕ್ಕೆ ಕೊಡಲು ನನ್ನಿಂದಾಗಲಿಲ್ಲ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಪರೀಕ್ಷೆಗೆ ಮುಂಚೆ ಒಂದು ಭಾನುವಾರ ಇಂಥ ಕಂಪ್ಯೂಟರುಗಳ ತಪಾಸಣೆಗೆ ಈ ಸಭಾಂಗಣವನ್ನು ಕೊಡಿ. ಕಾಲೇಜಿನ ಹುಡುಗ ಹುಡುಗಿಯರೇ, ನೀವು ಕೈಜೋಡಿಸಿ. ನಿಮ್ಮ ಒಂದು ಗಂಟೆಯ ಖಿದ್ಮತ್ ಒಂದು ಮನೆಯ ಸಾಲವನ್ನು, ಒಂದು ಮಗುವಿನ ವರ್ಷವನ್ನು ಉಳಿಸೀತು, ಇನ್ಶಾ ಅಲ್ಲಾಹ್.