ಅಜ್ಜನ ಕೋವಿಗೆ ಯಾವ ಫಿನಿಶ್?

ನಾನು ಪುಣೆಯಲ್ಲಿ ಕೋಡ್ ಬರೆಯೋನು, ಊರು ಕೊಡಗು. ಎರಡು ವರ್ಷದ ಹಿಂದೆ ಕೈಲ್ ಮುಹೂರ್ತಕ್ಕೆ ಊರಿಗೆ ಹೋದೆ. ಪೂಜೆಗಿಡೋಣ ಅಂತ ಅಜ್ಜನ ಜೋಡುನಳಿಗೆ ಕೋವಿ ತೆಗೆದರೆ ಮೈಯೆಲ್ಲ ಕೆಂಪು ತುಕ್ಕು. ಮಳೆಗಾಲ ಪೂರ್ತಿ ಚರ್ಮದ ಕವರ್‌ನಲ್ಲೇ ಇತ್ತು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತೆ, ನಮಗೆ ಹೊಳೆಯಲೇ ಇಲ್ಲ.

ಎಂ.ಟೆಕ್ ಗತ್ತಿನಲ್ಲಿ ನಾನು, "ಹಾಟ್ ಬ್ಲೂಯಿಂಗ್ ಮಾಡಿಸೋಣ, ಬೇಗ ಮುಗಿಯುತ್ತೆ" ಅಂದೆ. ಕಾಸ್ಟಿಕ್ ಸೋಡಾ, ನೈಟ್ರೇಟ್ ಸೇರಿದ ದ್ರಾವಣವನ್ನ ಸುಮಾರು 140 ಡಿಗ್ರಿಗೆ ಕಾಯಿಸಿ ಉಕ್ಕನ್ನ ಮುಳುಗಿಸಿದರೆ, ಮೇಲ್ಮೈ ಕಪ್ಪು ಮ್ಯಾಗ್ನೆಟೈಟ್ ಆಗುತ್ತೆ. ಲೈಸೆನ್ಸ್ ಇರೋ ಕೋವಿ ರಿಪೇರಿಯವರು ನಕ್ಕರು. "ನಳಿಗೆ ಎರಡಾಗಿ ಕೈಗೆ ಬರುತ್ತೆ, ನೋಡಿ!" ಹಳೇ ಜೋಡುನಳಿಗೆಗಳನ್ನ ಸೀಸ-ತವರದ ಬೆಸುಗೆಯಲ್ಲಿ ಕೂಡಿಸಿರ್ತಾರೆ, ಆ ಕ್ಷಾರ ಬೆಸುಗೆಯನ್ನೇ ತಿಂದುಬಿಡುತ್ತೆ.

ಸೆರಾಕೋಟ್? ತುಕ್ಕಿಗೆ ಅದು ಗಟ್ಟಿ, ಒಪ್ತೀನಿ. ಆದರೆ ಅದು ಹಿಡಿಯೋಕೆ ಲೋಹವನ್ನ ಬ್ಲಾಸ್ಟಿಂಗ್ ಮಾಡಿ ಒರಟು ಮಾಡಬೇಕು. ಅಜ್ಜನ ಕೋವಿಯ ಸಣ್ಣ ಕೆತ್ತನೆ ಮಸುಕಾದರೆ ಅಪ್ಪ ನನ್ನನ್ನ ಮನೆಗೆ ಸೇರಿಸ್ತಿರಲಿಲ್ಲ.

ಉಳಿದದ್ದು ರಸ್ಟ್ ಬ್ಲೂಯಿಂಗ್. ಹಳೇ ತುಕ್ಕು ತೆಗೆದು, ಬೇಕಂತಲೇ ತೆಳುವಾಗಿ ಹೊಸ ತುಕ್ಕು ಹಿಡಿಸಿ, ಕುದಿಯೋ ನೀರಲ್ಲಿ ಬೇಯಿಸಿದರೆ ಕೆಂಪು ಕಪ್ಪಾಗುತ್ತೆ. ಉಜ್ಜಿ, ಮತ್ತೆ ಅದೇ, ಎಷ್ಟೋ ಸಲ. 100 ಡಿಗ್ರಿಗೆ ಬೆಸುಗೆ ಕರಗಲ್ಲ. ನಿಧಾನ, ದುಬಾರಿ, ಅದನ್ನೇ ಮಾಡಿಸಿದ್ವಿ.

ಆದರೂ ಎಣ್ಣೆ ಬಿಟ್ಟರೆ ಬ್ಲೂಯಿಂಗ್ ನಿಲ್ಲಲ್ಲ. ಹಾಗಾಗಿ ಜೂನ್ ಬಂತು ಅಂದ್ರೆ ಪ್ರತಿ ಭಾನುವಾರ ಅಪ್ಪಂಗೆ ಫೋನ್: "ಎಣ್ಣೆ ಒರೆಸಿದ್ರಾ?" ಚರ್ಮದ ಕವರ್ ಈಗ ಅಟ್ಟದಲ್ಲಿದೆ.