ಪಾಲನೆ: ಹೆತ್ತವರ ಹಕ್ಕಿಗಿಂತ ಮೊದಲು ಮಗುವಿನ ಹಕ್ಕು

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ವಿದ್ಯಾಸಂಸ್ಥೆಯ ಸಭೆಯಲ್ಲಿ ತಲಾಖ್, ಖುಲಾ, ಕೋರ್ಟು ಎಂಬ ಮಾತುಗಳೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುವ ಅಧ್ಯಾಪಕರಿಗೆ ಇದರ ಉತ್ತರ ಗೊತ್ತು. ಜೂನ್‌ನಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಮಗು ದಸರಾ ರಜೆಯ ನಂತರ ಬರುವುದಿಲ್ಲ. ವಿಚಾರಿಸಿದರೆ, ತಾಯಿ ತವರಿಗೆ ಹೋಗಿದ್ದಾಳೆ, ತಂದೆ ಟಿ.ಸಿ. ತೆಗೆಯಲು ಒಪ್ಪುತ್ತಿಲ್ಲ, ಶುಲ್ಕ ಯಾರು ಕಟ್ಟಬೇಕೆಂದು ತೀರ್ಮಾನವಾಗಿಲ್ಲ ಎಂಬ ಉತ್ತರ ಬರುತ್ತದೆ. ದೊಡ್ಡವರ ಜಗಳ ಎರಡು ವರ್ಷಕ್ಕೆ ಮುಗಿಯಬಹುದು. ಆದರೆ ಏಳನೇ ತರಗತಿಯಲ್ಲಿ ಶಾಲೆ ಬಿಟ್ಟ ಮಗುವಿಗೆ ಆ ಎರಡು ವರ್ಷ ಮರಳಿ ಸಿಗುವುದಿಲ್ಲ.

ನಮ್ಮಲ್ಲಿ ದಾಂಪತ್ಯ ಮುರಿದಾಗ ಬಂಗಾರ ಯಾರಿಗೆ, ಮಂಚ ಯಾರಿಗೆ, ಪಾತ್ರೆ ಯಾರಿಗೆ ಎಂದು ಕೇಳುತ್ತಾರೆ. ಅದೇ ಸಾಲಿನಲ್ಲಿ ಮಗು ಯಾರಿಗೆ ಎಂದೂ ಕೇಳಿಬಿಡುತ್ತಾರೆ. ಈ ಪ್ರಶ್ನೆಯೇ ತಪ್ಪು ಎಂಬುದನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಮಗುವಿಗೆ ಏನು ಸಲ್ಲಬೇಕು ಎಂದು ಕೇಳಬೇಕು. ನಮ್ಮ ಶರೀಅತ್ ಹಾಗೆಯೇ ಕೇಳುತ್ತದೆ. ದೇಶದ ಕಾನೂನೂ ಹಾಗೆಯೇ ಕೇಳುತ್ತದೆ.

ಮೊದಲು ಮೂರು ಪದಗಳನ್ನು ಬೇರ್ಪಡಿಸಿ ತಿಳಿಯೋಣ. ಹಿಝಾನತ್ ಎಂದರೆ ಮಗುವನ್ನು ಬಳಿಯಲ್ಲಿಟ್ಟುಕೊಂಡು ಪಾಲಿಸುವುದು. ಈ ಅರಬಿ ಪದದ ಮೂಲದಲ್ಲಿ ಮಡಿಲು, ಪಕ್ಕೆ ಎಂಬ ಅರ್ಥವಿದೆ. ಹಕ್ಕಿ ಮೊಟ್ಟೆಗೆ ಕಾವು ಕೊಡುವುದನ್ನೂ ಅದೇ ಧಾತುವಿನಿಂದ ಹೇಳುತ್ತಾರೆ. ಎರಡನೆಯದು ವಿಲಾಯತ್, ಅಂದರೆ ಮಗುವಿನ ಆಸ್ತಿ ಮತ್ತು ವ್ಯವಹಾರಗಳ ಹೊಣೆ. ಇದು ಸಾಮಾನ್ಯವಾಗಿ ತಂದೆಯದು. ಮೂರನೆಯದು ನಫಖ, ಅಂದರೆ ಊಟ, ಬಟ್ಟೆ, ವಸತಿ, ಓದಿನ ಖರ್ಚು. ಮಗು ತಾಯಿಯ ಮಡಿಲಲ್ಲಿದ್ದರೂ ನಫಖ ತಂದೆಯ ಮೇಲೆಯೇ ಇರುತ್ತದೆ. ನಮ್ಮ ಊರುಗಳಲ್ಲಿ ನಡೆಯುವ ಅರ್ಧ ಅನ್ಯಾಯ ಈ ಮೂರನ್ನೂ ಒಂದರೊಳಗೊಂದು ಬೆರೆಸುವುದರಿಂದ ಆಗುತ್ತದೆ. "ಮಗು ನಿನ್ನ ಹತ್ತಿರ ಇದೆಯಲ್ಲ, ಖರ್ಚೂ ನೀನೇ ನೋಡಿಕೋ" ಎನ್ನುವ ತಂದೆ ನಫಖವನ್ನು ಮರೆತಿರುತ್ತಾನೆ. "ಖರ್ಚು ಕೊಡದವನಿಗೆ ಮಗುವಿನ ಮುಖವನ್ನೂ ತೋರಿಸುವುದಿಲ್ಲ" ಎನ್ನುವ ತಾಯಿ ಮಗುವಿನ ಹಕ್ಕನ್ನು ಮರೆತಿರುತ್ತಾಳೆ.

ಪ್ರವಾದಿ(ಸ)ಯವರ ಕಾಲದ ಮೂರು ಪ್ರಸಂಗಗಳನ್ನು ನೀವು ಕೇಳಿರಬಹುದು. ತಲಾಖ್ ಪಡೆದ ಮಹಿಳೆಯೊಬ್ಬರು ಬಂದು, ತಾನು ಹೊತ್ತು, ಹೆತ್ತು, ಹಾಲುಣಿಸಿದ ಮಗುವನ್ನು ಅದರ ತಂದೆ ಕಸಿದುಕೊಳ್ಳಲು ಬಯಸುತ್ತಿದ್ದಾನೆಂದು ದೂರಿದರು. ಆಕೆ ಮರುಮದುವೆಯಾಗುವವರೆಗೆ ಮಗುವಿನ ಮೇಲೆ ಆಕೆಗೇ ಹೆಚ್ಚಿನ ಹಕ್ಕಿದೆ ಎಂದು ಪ್ರವಾದಿ(ಸ) ತೀರ್ಮಾನಿಸಿದರು. ಇನ್ನೊಮ್ಮೆ ತಿಳಿವಳಿಕೆ ಬಂದ ಹುಡುಗನೊಬ್ಬನಿಗಾಗಿ ತಂದೆ ತಾಯಿ ವಾದಿಸಿದಾಗ ಅವನನ್ನೇ ಕೇಳಲಾಯಿತು. ಅವನು ತಾಯಿಯ ಕೈ ಹಿಡಿದು ಹೊರಟನು. ಹುತಾತ್ಮರಾದ ಹ. ಹಂಝಾ(ರ)ರವರ ಮಗಳನ್ನು ಸಾಕಲು ಅಲಿ, ಜಅಫರ್, ಝೈದ್(ರ) ಮೂವರೂ ಮುಂದೆ ಬಂದಾಗ, ಮಗುವಿನ ತಾಯಿಯ ಸಹೋದರಿ ಜಅಫರ್‌ರ ಮನೆಯಲ್ಲಿದ್ದ ಕಾರಣಕ್ಕೆ ಮಗು ಆ ಮನೆಗೆ ಹೋಯಿತು. ಈ ಮೂರರಲ್ಲೂ ಗಮನಿಸಬೇಕಾದ ಒಂದು ಸಂಗತಿಯಿದೆ. ಯಾರಿಗೆ ಹೆಚ್ಚು ಬಲವಿದೆ, ಯಾರ ಬಳಿ ಹೆಚ್ಚು ಹಣವಿದೆ ಎಂಬುದು ಎಲ್ಲಿಯೂ ಮಾನದಂಡವಾಗಲಿಲ್ಲ. ಮಗುವಿಗೆ ಎಲ್ಲಿ ಮಮತೆ ಸಿಗುತ್ತದೆ ಎಂಬುದೇ ಮಾನದಂಡವಾಯಿತು.

ಫುಖಹಾಗಳು ಇದರ ಆಧಾರದಲ್ಲಿ ನಿಯಮಗಳನ್ನು ರೂಪಿಸಿದರು. ಹನಫಿ ಫಿಕ್ಹ್‌ನಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಹಿಝಾನತ್‌ನಲ್ಲಿರುತ್ತದೆ. ಕರಾವಳಿಯ ಬ್ಯಾರಿ ಮತ್ತು ನವಾಯತ್ ಸಮುದಾಯಗಳು ಅನುಸರಿಸುವ ಶಾಫಿ ಫಿಕ್ಹ್‌ನಲ್ಲಿ ಸುಮಾರು ಏಳು ವರ್ಷಕ್ಕೆ ತಿಳಿವಳಿಕೆ ಬಂದ ಮಗುವಿಗೆ ಆಯ್ಕೆಯ ಅವಕಾಶವಿದೆ. ಇಲ್ಲಿ ಒಂದು ಸೊಗಸಾದ ವಿವರವಿದೆ. ಹುಡುಗ ತಾಯಿಯನ್ನು ಆರಿಸಿಕೊಂಡರೆ ರಾತ್ರಿ ತಾಯಿಯ ಬಳಿ ಇರಬೇಕು, ಹಗಲು ತಂದೆಯ ಬಳಿ ಇರಬೇಕು. ಅವನನ್ನು ಓದಿಗೆ ಅಥವಾ ಕಸುಬಿಗೆ ಹಚ್ಚುವ ಹೊಣೆ ತಂದೆಯದು. ತಂದೆಯನ್ನು ಆರಿಸಿಕೊಂಡರೆ ತಾಯಿಯನ್ನು ಕಾಣಲು ಹೋಗದಂತೆ ಅವನನ್ನು ತಡೆಯಬಾರದು. ಇಂದು ಜಂಟಿ ಪಾಲನೆ ಎಂಬ ಹೊಸ ಹೆಸರಿನಲ್ಲಿ ಚರ್ಚೆಯಾಗುತ್ತಿರುವ ವಿಚಾರ ನಮ್ಮ ದರ್ಸ್‌ಗಳಲ್ಲಿ ಓದುವ ಕಿತಾಬುಗಳಲ್ಲಿ ಶತಮಾನಗಳಿಂದ ಇದೆ.

ತಾಯಿ ಮರುಮದುವೆಯಾದರೆ ಮಗು ನೇರವಾಗಿ ತಂದೆಗೆ ಸೇರುತ್ತದೆ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಹನಫಿ ಫಿಕ್ಹ್ ಹೇಳುವುದು ಬೇರೆ. ಮಗುವಿಗೆ ಮಹ್ರಮ್ ಅಲ್ಲದವನನ್ನು ತಾಯಿ ಮದುವೆಯಾದರೆ ಸರದಿ ಮೊದಲು ತಾಯಿಯ ತಾಯಿಗೆ, ಬಳಿಕ ತಂದೆಯ ತಾಯಿಗೆ, ನಂತರ ಸಹೋದರಿಯರಿಗೆ, ತಾಯಿಯ ಸಹೋದರಿಯರಿಗೆ ಹೋಗುತ್ತದೆ. ಆ ಮದುವೆ ಕೊನೆಗೊಂಡರೆ ತಾಯಿಯ ಹಕ್ಕು ಮರಳುತ್ತದೆ.

ಇನ್ನು ದೇಶದ ಕಾನೂನಿಗೆ ಬರೋಣ. 1937ರ ಶರೀಅತ್ ಅನ್ವಯ ಕಾಯ್ದೆಯಂತೆ ಪೋಷಕತ್ವದ ವಿಷಯದಲ್ಲಿ ಮುಸ್ಲಿಮರಿಗೆ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಆದರೆ ಅರ್ಜಿ ಹೋಗುವುದು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ ಕೆಳಗೆ. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೌಟುಂಬಿಕ ನ್ಯಾಯಾಲಯ, ಅದು ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯ ಇದನ್ನು ವಿಚಾರಿಸುತ್ತದೆ. ಆ ಕಾಯ್ದೆಯ 17ನೇ ಕಲಮಿನಂತೆ ನ್ಯಾಯಾಧೀಶರು ಮಗುವಿನ ವಯಸ್ಸು, ಲಿಂಗ, ಧರ್ಮ, ಕೇಳುವವರ ನಡತೆ ಮತ್ತು ಸಾಮರ್ಥ್ಯ, ರಕ್ತಸಂಬಂಧದ ಹತ್ತಿರ ಇವೆಲ್ಲವನ್ನೂ ನೋಡುತ್ತಾರೆ. ಯೋಚಿಸಿ ಹೇಳುವಷ್ಟು ಬೆಳೆದ ಮಗುವಿನ ಇಚ್ಛೆಯನ್ನೂ ಕೇಳಬಹುದು. ಸಾಮಾನ್ಯವಾಗಿ ತುಂಬಿದ ಕೋರ್ಟಿನಲ್ಲಲ್ಲ, ತಮ್ಮ ಕೊಠಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಮಾತನಾಡಿಸುತ್ತಾರೆ. ಅಂತಿಮ ತೀರ್ಪಿಗೆ ಮುನ್ನ ಮಧ್ಯಂತರ ಆದೇಶ ಕೊಡುವ ಅಧಿಕಾರವೂ ಇದೆ.

ಇವೆಲ್ಲಕ್ಕೂ ಮೇಲೆ ನ್ಯಾಯಾಲಯ ತೂಗುವುದು ಮಗುವಿನ ಹಿತವನ್ನು. 1973ರಲ್ಲೇ ಸುಪ್ರೀಂ ಕೋರ್ಟು, ಮಕ್ಕಳು ಹೆತ್ತವರ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬರ್ಥದ ಮಾತನ್ನು ಹೇಳಿ, ಪಾಲನೆಯ ಆದೇಶಗಳನ್ನು ಪರಿಸ್ಥಿತಿ ಬದಲಾದಂತೆ ಬದಲಿಸಬಹುದೆಂದು ಸ್ಪಷ್ಟಪಡಿಸಿತು. ತಾಯಿಯ ಮರುಮದುವೆಯೊಂದೇ ಆಕೆಯನ್ನು ಅನರ್ಹಳಾಗಿಸುವುದಿಲ್ಲ ಎಂದು 2006ರ ತೀರ್ಪೊಂದು ಹೇಳಿತು. ನಮ್ಮ ಕರ್ನಾಟಕದಿಂದ ಹೋಗಿ 2010ರಲ್ಲಿ ತೀರ್ಮಾನವಾದ ಮುಸ್ಲಿಂ ಕುಟುಂಬವೊಂದರ ಪ್ರಕರಣ ನಮಗೆ ಹೆಚ್ಚು ಹತ್ತಿರದ್ದು. ಅಲ್ಲಿ ತಾಯಿ ತೀರಿಕೊಂಡಿದ್ದರು, ತಂದೆ ಮರುಮದುವೆಯಾಗಿದ್ದರು, ಮಗಳೂ ಮಗನೂ ತಾಯಿಯ ಕಡೆಯವರ ಬಳಿಯಿದ್ದರು. ತಂದೆ ಸಹಜ ಪೋಷಕನೆಂಬುದು ಒಂದು ಪ್ರಶ್ನೆ, ಮಕ್ಕಳು ಸದ್ಯ ಎಲ್ಲಿದ್ದರೆ ಕ್ಷೇಮ ಎಂಬುದು ಇನ್ನೊಂದು ಪ್ರಶ್ನೆ ಎಂದು ವಿಂಗಡಿಸಿದ ಸುಪ್ರೀಂ ಕೋರ್ಟು, ಮಧ್ಯಂತರ ಪಾಲನೆಯನ್ನು ತಾಯಿಯ ಕಡೆಯವರಲ್ಲೇ ಉಳಿಸಿತು. ವಿಲಾಯತ್ ಬೇರೆ, ಹಿಝಾನತ್ ಬೇರೆ ಎಂದು ಫಿಕ್ಹ್ ಹೇಳುವುದೂ ಇದನ್ನೇ.

ಜೀವನಾಂಶದ ಬಗ್ಗೆಯೂ ಗೊಂದಲ ಬೇಡ. ಇದ್ದತ್ ಮುಗಿದ ಮೇಲೆ ಮಕ್ಕಳಿಗೆ ಏನೂ ಕೊಡಬೇಕಿಲ್ಲ ಎಂಬ ವಾದವನ್ನು, ಎರಡು ವರ್ಷ ಕೊಟ್ಟರೆ ಸಾಕು ಎಂಬ ವಾದವನ್ನು ಸುಪ್ರೀಂ ಕೋರ್ಟು 1997ರಲ್ಲೇ ತಳ್ಳಿಹಾಕಿದೆ. ತಮ್ಮನ್ನು ತಾವು ನೋಡಿಕೊಳ್ಳಲಾಗದ ಮಕ್ಕಳಿಗೆ ಪ್ರಾಪ್ತ ವಯಸ್ಸಿನವರೆಗೆ, ಹೆಣ್ಣುಮಕ್ಕಳಿಗೆ ಮದುವೆಯವರೆಗೆ ತಂದೆ ಕೊಡಬೇಕೆಂದು ಅದು ಹೇಳಿತು. ಹಿಂದೆ 125ನೇ ಕಲಮು ಎಂದು ಎಲ್ಲರೂ ಕರೆಯುತ್ತಿದ್ದ ಆ ಅವಕಾಶ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. 2019ರ ಕಾಯ್ದೆಯಂತೆ, ಒಂದೇ ಸಲಕ್ಕೆ ತಲಾಖ್ ಹೇಳಿಸಿಕೊಂಡ ಮಹಿಳೆ ತನಗೂ ಮಕ್ಕಳಿಗೂ ಜೀವನಾಂಶವನ್ನು, ಅಪ್ರಾಪ್ತ ಮಕ್ಕಳ ಪಾಲನೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಜಮಾಅತ್ ಕಚೇರಿಗಳಲ್ಲಿ ಬರೆಸುವ ಕೆಲವು ಕರಾರುಗಳನ್ನು ಗಮನಿಸಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೆಂಡತಿ ಖುಲಾ ಕೇಳುತ್ತಾಳೆ. ಗಂಡ ಒಪ್ಪುವುದಿಲ್ಲ. ಹಿರಿಯರು ಕುಳಿತು ಮಾತನಾಡುತ್ತಾರೆ. ಕೊನೆಗೆ ಛಾಪಾ ಕಾಗದದ ಮೇಲೆ ಹೀಗೆ ಬರೆಯಲಾಗುತ್ತದೆ: ತಾಯಿ ಮಗನನ್ನು ತಂದೆಗೆ ಬಿಟ್ಟುಕೊಡುತ್ತಾಳೆ, ತಂದೆ ಖುಲಾ ಕೊಡುತ್ತಾನೆ. ಅಥವಾ ಹೀಗೆ: ಮಕ್ಕಳು ತಾಯಿಯ ಬಳಿ ಇರುತ್ತವೆ, ಮುಂದೆ ಅವುಗಳ ಖರ್ಚು ಕೇಳುವಂತಿಲ್ಲ. ಎರಡೂ ಕಡೆಯವರು ಸಹಿ ಹಾಕುತ್ತಾರೆ, ಸಲಾಂ ಹೇಳಿ ಏಳುತ್ತಾರೆ. ಸಮಸ್ಯೆ ಬಗೆಹರಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಅಲ್ಲಿ ಸಹಿ ಹಾಕದ ಒಬ್ಬರಿದ್ದಾರೆ. ಅದು ಮಗು. ಬೆಲೆ ತೆತ್ತದ್ದೂ ಅದೇ.

ಹನಫಿ ಫುಖಹಾಗಳು ಈ ಪ್ರಶ್ನೆಯನ್ನು ಹಿಂದೆಯೇ ಎತ್ತಿದ್ದಾರೆ. ಮಗು ಗಂಡನ ಬಳಿ ಇರಬೇಕೆಂಬ ಷರತ್ತಿನ ಮೇಲೆ ಖುಲಾ ಆದರೆ ಖುಲಾ ಸಿಂಧು, ಷರತ್ತು ಅಸಿಂಧು ಎಂದು ಅವರು ಬರೆದಿದ್ದಾರೆ. ಏಕೆಂದರೆ ಪಾಲನೆ ಮಗುವಿನ ಹಕ್ಕು. ಇನ್ನೊಬ್ಬರ ಹಕ್ಕನ್ನು ಕೊಟ್ಟು ತಾನು ಬಿಡುಗಡೆ ಪಡೆಯಲು ಯಾರಿಗೂ ಅಧಿಕಾರವಿಲ್ಲ. ನ್ಯಾಯಾಲಯವೂ ಅಂಥ ಕರಾರಿಗೆ ಕಟ್ಟುಬೀಳುವುದಿಲ್ಲ. ಆದ್ದರಿಂದ ಜಮಾಅತ್ ಹಿರಿಯರಲ್ಲಿ ನನ್ನ ನಮ್ರ ವಿನಂತಿ: ಮಹ್ರ್, ಬಂಗಾರ, ಇದ್ದತ್‌ನ ಖರ್ಚು ಒಂದು ಕಾಗದದಲ್ಲಿರಲಿ. ಮಕ್ಕಳ ವಿಷಯ ಪ್ರತ್ಯೇಕ ಕಾಗದದಲ್ಲಿರಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯವಹಾರಕ್ಕೆ ನೀವು ಸಾಕ್ಷಿಯಾಗಬೇಡಿ.

ಆ ಎರಡನೇ ಕಾಗದದಲ್ಲಿ ಏನಿರಬೇಕು? ಮೊದಲನೆಯದಾಗಿ, ಶೈಕ್ಷಣಿಕ ವರ್ಷದ ನಡುವೆ ಮಗುವಿನ ಶಾಲೆ ಬದಲಾಗಬಾರದು. ಎರಡನೆಯದಾಗಿ, ವಾರದ ದಿನಗಳು ಯಾರ ಬಳಿ, ರಜಾದಿನ ಯಾರ ಬಳಿ, ಎರಡು ಈದ್‌ಗಳು, ಬೇಸಿಗೆ ರಜೆ, ದಸರಾ ರಜೆ ಹೇಗೆ ಹಂಚಿಕೆ ಎಂದು ತಾರೀಖು, ಗಂಟೆ ಸಹಿತ ಬರೆಯಬೇಕು. "ಆಗಾಗ ಬಂದು ನೋಡಬಹುದು" ಎಂದು ಬರೆದರೆ ಜಗಳಕ್ಕೆ ಆಹ್ವಾನ ಕೊಟ್ಟಂತೆ. ಮೂರನೆಯದಾಗಿ, ಶಾಲೆ, ಮದ್ರಸ, ಔಷಧಿ, ಬಟ್ಟೆಯ ಖರ್ಚು ತಿಂಗಳ ಯಾವ ದಿನದೊಳಗೆ ಯಾವ ಬ್ಯಾಂಕ್ ಖಾತೆಗೆ ಬರಬೇಕೆಂದು ಇರಬೇಕು. ನಾಲ್ಕನೆಯದಾಗಿ, ಜನನ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿ ಯಾರ ಬಳಿಯಿದ್ದರೂ ಇನ್ನೊಬ್ಬರಿಗೆ ಪ್ರತಿ ಸಿಗಬೇಕು. ಐದನೆಯದಾಗಿ, ತಂದೆ ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿಯುತ್ತಿದ್ದರೆ ವಿಡಿಯೋ ಕರೆಗೆ ಸಮಯ ಗೊತ್ತುಮಾಡಬೇಕು. ಭೇಟಿ ಸಾಧ್ಯವಾಗದ ಹೆತ್ತವರಿಗೆ ಇಂಥ ಸಂಪರ್ಕದ ಹಕ್ಕಿರಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ಹೀಗೆ ಒಪ್ಪಿದ್ದನ್ನು ಕಪಾಟಿನಲ್ಲಿಡದೆ ಕೌಟುಂಬಿಕ ನ್ಯಾಯಾಲಯದಲ್ಲಿ ರಾಜಿ ಆದೇಶವಾಗಿ ದಾಖಲಿಸಿಕೊಳ್ಳಿ. ಆಗ ಮಾತ್ರ ಅದಕ್ಕೆ ಬಲ. ಒಪ್ಪಂದ ಮಾಡಿಸುವ ಪ್ರಯತ್ನ ನ್ಯಾಯಾಲಯದ ಕರ್ತವ್ಯವೆಂದು 1984ರ ಕಾಯ್ದೆಯೇ ಹೇಳುತ್ತದೆ. ವಕೀಲರ ಶುಲ್ಕಕ್ಕೆ ಹೆದರಬೇಡಿ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಆದರೆ ಎಲ್ಲ ಮನೆಗೂ ಒಂದೇ ಅಳತೆ ಹೊಂದುವುದಿಲ್ಲ. ಹೊಡೆತ, ಕುಡಿತ, ಕಿರುಕುಳ ಇರುವಲ್ಲಿ ರಾಜಿಯ ಮಾತಿಗಿಂತ ಮೊದಲು ಮಗುವಿನ ರಕ್ಷಣೆ ನೋಡಬೇಕು.

ಅಧ್ಯಾಪಕ ಬಂಧುಗಳೇ, ನಿಮಗೂ ಎರಡು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಂತೆ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬರುವ ಮಗುವಿಗೆ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನು ತಿಳಿಯದೆ ಎಷ್ಟೋ ತಾಯಂದಿರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ; ನೀವು ಅವರಿಗೆ ತಿಳಿಸಿ. ಇನ್ನೊಂದು, ಹೆತ್ತವರಲ್ಲಿ ಯಾರ ಪರವೂ ನಿಲ್ಲದೆ ಮಗುವಿನ ಪರ ನಿಲ್ಲಿ. ಹೋಂವರ್ಕ್ ಏಕೆ ಆಗಿಲ್ಲವೆಂದು ಗದರುವ ಮೊದಲು ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ ಮಗು ಎಂದು ಮೆಲ್ಲನೆ ಕೇಳಿ.

ತಂದೆ ತಾಯಂದಿರೇ, ಕುರ್‌ಆನಿನ ಅಲ್‌ಬಕರ ಅಧ್ಯಾಯದ 233ನೇ ಸೂಕ್ತವನ್ನು ಮನೆಗೆ ಹೋಗಿ ಅರ್ಥಸಹಿತ ಓದಿ. ಮಗುವಿನ ಕಾರಣದಿಂದ ತಾಯಿಗೂ ಹಿಂಸೆಯಾಗಬಾರದು, ತಂದೆಗೂ ಹಿಂಸೆಯಾಗಬಾರದು ಎಂಬ ಆಶಯ ಅಲ್ಲಿದೆ. ಹಾಲು ಬಿಡಿಸುವಂಥ ಸಣ್ಣ ವಿಷಯವನ್ನೂ ಇಬ್ಬರೂ ಸಮಾಲೋಚಿಸಿ, ಒಪ್ಪಿ ಮಾಡಬೇಕೆಂದು ಅಲ್ಲಿದೆ. ಹಾಲು ಬಿಡಿಸಲು ಸಮಾಲೋಚನೆ ಬೇಕಾದರೆ ಶಾಲೆ ಬಿಡಿಸಲು ಬೇಡವೇ? ನಿಕಾಹ್ ಮುರಿದರೆ ಗಂಡ ಹೆಂಡತಿಯ ಸಂಬಂಧ ಮುಗಿಯುತ್ತದೆ. ತಂದೆ ಮತ್ತು ತಾಯಿ ಎಂಬ ಸಂಬಂಧಕ್ಕೆ ತಲಾಖ್ ಇಲ್ಲ.

ನಮ್ಮ ಮಕ್ಕಳ ಅಮಾನತ್ತನ್ನು ನಿಭಾಯಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್. ವಸ್ಸಲಾಮ್.