ಬಿತ್ತಿದ ಮೇಲಿನ ಕೆಲಸ



ನರಗುಂದ ತಾಲ್ಲೂಕಿನ ಶಿರೋಳದ ಸುತ್ತ ಎರೆ ಹೊಲ. ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾರೆ. ಬಿತ್ತಿದರೆ ಕೆಲಸ ಮುಗಿಯುವುದಿಲ್ಲ. ಒಣಗಿದಂತೆ ಎರೆ ಬಿರಿಯುತ್ತದೆ. ಬಿರುಕಿನಲ್ಲಿ ತೇವ ಆರುತ್ತದೆ. ಅದಕ್ಕೇ ರೈತ ಮತ್ತೆ ಮತ್ತೆ ಎಡೆ ಹೊಡೆದು ಬಿರುಕು ಮುಚ್ಚುತ್ತಾನೆ.

ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯೂ ಹೀಗೆಯೇ. ವೈದ್ಯರು ಬಿತ್ತುತ್ತಾರೆ. ಎಡೆ ಹೊಡೆಯಬೇಕಾದವರು ನಾವು.

ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ದಿನವೇ, ಇಲ್ಲವೇ ಮರುದಿನ, ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಇಷ್ಟು ಬೇಗವೇ ಎಂದು ಮನೆಯವರಿಗೆ ಗಾಬರಿ. ಆದರೆ ಮಲಗಿಯೇ ಇದ್ದರೆ ತೊಡೆಯ ಸ್ನಾಯು ಸೊರಗುತ್ತದೆ. ಕೀಲು ಬಿಗಿಯುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಫಿಸಿಯೋಥೆರಪಿಸ್ಟ್ ಹೇಳಿಕೊಡುವುದು ಸಣ್ಣ ಸಣ್ಣ ಕೆಲಸ. ಪಾದ ಮೇಲೆ ಕೆಳಗೆ ಆಡಿಸುವುದು. ಮಂಡಿ ನೆಟ್ಟಗೆ ಚಾಚುವುದು, ಮತ್ತೆ ಮಡಿಸುವುದು. ಕುರ್ಚಿಯಿಂದ ಸಲೀಸಾಗಿ ಏಳಲು ಮಂಡಿ 90 ಡಿಗ್ರಿಗಿಂತ ತುಸು ಹೆಚ್ಚೇ ಮಡಚಬೇಕು. ಅದು ವಾರಗಟ್ಟಲೆಯ ದುಡಿಮೆ. ನೋವೂ ಇರುತ್ತದೆ, ಬೇಸರವೂ ಬರುತ್ತದೆ.

ಆಗ ಬೇಕಾಗುವುದು ಮನೆಯವರ ಕೈ. "ನೀ ಕೂಡಬೇ, ನಾ ತರತೇನಿ" ಎನ್ನುವುದು ಪ್ರೀತಿಯೇ. "ಬಾಬೇ, ನಾಕ ಹೆಜ್ಜಿ ಅಡ್ಡಾಡೋಣು" ಎನ್ನುವುದು ಅದಕ್ಕಿಂತ ದೊಡ್ಡ ಪ್ರೀತಿ.

ಇಂದಿನ ನಾಲ್ಕು ಹೆಜ್ಜೆ ನಾಳೆ ಐದಾಗಲಿ. ತೆನೆ ತಾನಾಗಿ ತೂಗುತ್ತದೆ.